ಕಂಬದೊಳಗಿನ ತಾಂಡೇಲ

ನಡುಬೇಲೆಯ ಜನ ಸೈರನ್ನಿಗೆ ಇಟ್ಟ ಹೆಸರು ಕೋಣ. ಕಡಲಲ್ಲಿ ಸೆಳವು ಹುಟ್ಟುವ ಸೂಚನೆ ಸಿಕ್ಕಿದ್ದೇ ತಡ, ದಡದುದ್ದಕ್ಕೂ ನೆಟ್ಟ ಕಂಬಗಳೆಲ್ಲ ಒಟ್ಟಿಗೆ ಅರಚುತ್ತಿದ್ದವು. ನೀರಲ್ಲಿ ನಿಂತು ಬಲೆ ಎಳೆಯುವವರು ಮಾತ್ರ ಕತ್ತು ಕೂಡ ತಿರುಗಿಸುತ್ತಿರಲಿಲ್ಲ. “ಕೋಣ ಕೂಗಿರೆ ಕೋಣದ್ ಯಜಮಾನ ಹೋಯ್ಲಿ, ನಾವ್ ಎಂತಕ್ಕೆ ಹೋಪುದ್?” ಎನ್ನುತ್ತಿದ್ದರು. ಅವರು ತೀರದ ಜನ. ಹಠವೂ ತೀರದ ಜನ.

ಕೋಣ ಸುಳ್ಳು ಹೇಳುತ್ತಿರಲಿಲ್ಲ. ಬೇಲೆಯ, ಅಂದರೆ ಕಡಲ ದಂಡೆಯ, ಮರಳಿನಡಿ, ಅಲ್ಲಿಂದ ನೀರೊಳಗಿನ ದಿಬ್ಬದ ತನಕ, ಗಾಜಿನ ಎಳೆಗಳನ್ನು ಹೂತಿದ್ದರು. ಎಳೆಯೊಳಗೆ ಬೆಳಕನ್ನು ಮಿಡಿಮಿಡಿಯಾಗಿ ಕಳಿಸಿದರೆ, ಮೇಲೆ ಅಲೆ ಬಿದ್ದಲ್ಲಿ, ಮನುಷ್ಯ ಕಾಲಿಟ್ಟಲ್ಲಿ, ಎಳೆ ಕಂಡೂ ಕಾಣದಷ್ಟು ನುಲಿಯುತ್ತದೆ. ಬೆಳಕು ಅಲ್ಲಿ ಎಡವುತ್ತದೆ. ಹೀಗೆ ಮರಳಿಗೆ ಹೋಗಿ ಮರಳುವ ಬೆಳಕು ಎಲ್ಲೆಲ್ಲಿ ಎಡವಿತು ಎಂದು ಕೂಡಿಸಿ ಕಳೆದರೆ ಕಡಲಿನ ಮುಂದಿನ ಹೆಜ್ಜೆ ತಿಳಿಯುತ್ತದೆ. ಅಲೆಗಳು ದಿಬ್ಬ ದಾಟಿಸಿ ದಡಕ್ಕೆ ತಂದು ಸುರಿದ ನೀರು ಹೇಗಾದರೂ ಹಿಂದೆ ಹೋಗಬೇಕಷ್ಟೆ? ದಿಬ್ಬದಲ್ಲಿ ಎಲ್ಲೋ ಒಂದು ಕಿಂಡಿ ಬಿದ್ದರೆ ಅಷ್ಟೂ ನೀರು ಅಲ್ಲಿಂದ ಹೊಳೆಯ ಹಾಗೆ ಹೊರಕ್ಕೆ ನುಗ್ಗುತ್ತದೆ. ಮೇಲಿನಿಂದ ನೋಡುವವರಿಗೆ ಆ ಜಾಗವೇ ಚಂದ: ಅಲೆ ಒಡೆಯುವುದಿಲ್ಲ, ನೊರೆ ಇಲ್ಲ, ಮಲಗಿದ ಹಾಗಿರುತ್ತದೆ. ಅದೇ ಸೆಳವು. ಒಂದು ಕವಳ ಜಗಿದು ಉಗುಳುವಷ್ಟು ಹೊತ್ತು ಮುಂಚೆ ಅದನ್ನು ಹಿಡಿಯುವ ಈ ಏರ್ಪಾಡಿಗೆ ‘ಮರಳುಕಿವಿ’ ಎಂದು ಹೆಸರು.

ಕಿವಿ ಚುರುಕಾಗಿತ್ತು. ಸಮಸ್ಯೆ ಇದ್ದದ್ದು ಬಾಯಿಯಲ್ಲಿ.

ಕಡಲು ಏರಿ ಏರಿ ಆಚೀಚಿನ ಎರಡು ಬೇಲೆಗಳನ್ನು ನುಂಗಿದ ಮೇಲೆ, ದೊಡ್ಡ ಭರತದ ಉಬ್ಬರ ಬಂದರೆ ಬಂದರೇ ಮುಳುಗತೊಡಗಿದ ಮೇಲೆ, ಯಾಂತ್ರಿಕ ದೋಣಿಗಳು ದೂರದ ಊರಿಗೆ ಹೋದವು. ನಡುಬೇಲೆಯವರು ಅಜ್ಜಂದಿರ ಕೈರಂಪಣಿಗೆ ಮರಳಿದರು. ಒಂದು ದೋಣಿ ಬಲೆಯನ್ನು ಕಡಲೊಳಗೆ ಅರ್ಧಚಂದ್ರದ ಹಾಗೆ ಬಿಟ್ಟು ಬರುತ್ತದೆ. ಬಲೆಯ ಎರಡು ತುದಿಯ ಎರಡು ಹಗ್ಗ ದಡದಲ್ಲಿ, ಒಂದು ಬಡಗಿಗೆ, ಒಂದು ತೆಂಕಿಗೆ. ಸೊಂಟಕ್ಕೆ ಸುತ್ತಿದ ತುಂಡುಹಗ್ಗವನ್ನು ದೊಡ್ಡ ಹಗ್ಗಕ್ಕೆ ಸಿಕ್ಕಿಸಿ, ಎದೆಮಟ್ಟದ ನೀರಿನಿಂದ ಹಿಂದಿಂದಕ್ಕೆ ನಡೆಯುತ್ತ ಊರಿಗೆ ಊರೇ ಎಳೆಯುತ್ತದೆ. ಹೇಳುವವನು ಒಬ್ಬನೇ, ತಾಂಡೇಲ. ಅವನು “ಎಳಿ” ಅಂದರೆ ಎಳೆಯಬೇಕು, “ಬಿಡಿ” ಅನ್ನುವ ತನಕ ಬಿಡಬಾರದು. ಒಬ್ಬ ಬಿಟ್ಟರೆ ಅವನ ಭಾರ ಪಕ್ಕದವನ ಸೊಂಟಕ್ಕೆ. ಹಾಗೆ ಬಿಟ್ಟವನ ಮನೆಗೆ ಹೆಣ್ಣು ಕೊಡುವವರಿರಲಿಲ್ಲ.

ಒಂದು ಮಳೆಗಾಲದ ಕೊನೆಗೆ ತೆಂಕಿನ ಹಗ್ಗದಲ್ಲಿ ಸೆಳವು ಎದ್ದಿತು. ಕೋಣ ಕೂಗಿತು. ತಾಂಡೇಲ ಕುಷ್ಟ ಮೊಗವೀರ ಬಡಗಿನ ಹಗ್ಗದ ಹತ್ತಿರವಿದ್ದ. ಅವನ “ಬಿಡಿ” ಗಾಳಿಗೆ ಸಿಕ್ಕಿ ಅರ್ಧ ದಾರಿಯಲ್ಲೇ ಬಿದ್ದುಹೋಯಿತು. ತೆಂಕಿನವರು ತಾಂಡೇಲನ ಮಾತು ಬರಲಿ ಎಂದು ಹಿಡಿದೇ ನಿಂತರು. ಮೂವರು ಹೋದರು. ಮೂವರ ಸೊಂಟದಲ್ಲೂ ತುಂಡುಹಗ್ಗ ಹಾಗೇ ಇತ್ತು.

ಮರಳುಕಿವಿಯ ನಿಯಂತ್ರಣ ಕೊಠಡಿ ಹಳೆಯ ಐಸ್ ಪ್ಲಾಂಟಿನ ಮಾಳಿಗೆಯಲ್ಲಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವಳು ಕುಷ್ಟ ತಾಂಡೇಲನ ಮಗಳೇ, ಜಲಜಾಕ್ಷಿ. ಸುರತ್ಕಲ್ಲಿನಲ್ಲಿ ಓದಿ ಬಂದವಳು. ಅವಳ ಜೊತೆಗಿದ್ದ ಧ್ವನಿ ಎಂಜಿನಿಯರ್ ಹೊನ್ನಾವರದ ಉಮಾನಾಥ ಶೇಟ್. ಅವನ ಗಂಟಲಲ್ಲಿ ಒಂದು ಬಸ್‌ಸ್ಟ್ಯಾಂಡೇ ಇತ್ತು: ಕಂಡಕ್ಟರ್, ಭಾಗವತ, ಬಂಗುಡೆ ಮಾರುವವಳು, ಫೋನಲ್ಲಿ “ಹಲೋ, ಕೇಳ್ತಾ ಇದೆಯಾ” ಎನ್ನುವ ಇಲಾಖೆಯ ಸಾಹೇಬ. ಬೇಸರವಾದಾಗೆಲ್ಲ ಒಬ್ಬೊಬ್ಬರನ್ನೇ ಹೊರಗಿಳಿಸುತ್ತಿದ್ದ. ಆ ಮೂವರ ಸಾವಿನ ಬಳಿಕ ಕೊಠಡಿಯಲ್ಲಿ ನಗು ನಿಂತಿತ್ತು. ಒಂದು ಸಂಜೆ ಅವನು ಕಿಟಕಿಯ ಕಡೆ ಮುಖ ಮಾಡಿ, ಯಾಕೆಂದು ತನಗೇ ತಿಳಿಯದೆ, ಎದೆಯ ತಳದಿಂದ ಒಂದು ಕೂಗು ಹಾಕಿದ: “ಬಿ...ಡಿ!”

ಕೆಳಗೆ ಮರಳಲ್ಲಿ ಹಗ್ಗ ಸುತ್ತುತ್ತಿದ್ದ ಇಬ್ಬರು ಹಗ್ಗ ಕೈಬಿಟ್ಟು ನೆಟ್ಟಗೆ ನಿಂತರು.

ಜಲಜಾಕ್ಷಿ ಚಹಾದ ಲೋಟ ಕೆಳಗಿಟ್ಟಳು. “ಉಮಾನಾಥಾ, ಇನ್ನೊಂದ್ ಸಲ ಹೇಳು.”

“ತಪ್ಪಾಯ್ತು ಮಾರಾಯ್ತಿ. ನಿನ್ನ ಅಪ್ಪನನ್ನ ಅಣಕಿಸಿದ್ದಲ್ಲ, ಬಾಯಿಗೆ ಬಂತು.”

“ಅಣಕವಲ್ಲ. ಕೆಳಗೆ ನೋಡು.”

*

“ನನ್ ಗಂಟ್ಲನ್ನ ಕಂಬಕ್ಕೆ ಕೊಟ್ರೆ ನಾ ಮನೇಲ್ ಎಂತದ್ರಗೆ ಮಾತಾಡುದ್?” ಎಂದು ಕುಷ್ಟ ಕೇಳಿದ. ಎದುರಿಗೆ ಗಂಜಿಯ ಬಟ್ಟಲು.

“ಮನೇಲ್ ನೀವ್ ಮಾತಾಡಿದ್ ಯಾವಾಗ?” ಅವನ ಹೆಂಡತಿ ಬಚ್ಚಿ ಒಲೆಯ ಬುಡದಿಂದಲೇ ಅಂದಳು. “ಕಂಬಕ್ಕೆ ಕೊಡಿ. ನಾನ್ ಕಂಬದ ಬುಡದಗೆ ಹೋಯಿ ಕೂಕಂಡ್ ಸಂಸಾರ ಮಾಡ್ತೆ.”

ಜಲಜಾಕ್ಷಿ ನಗಲಿಲ್ಲ. “ಅಪ್ಪಯ್ಯ, ನೀವು ಎರಡು ಹಗ್ಗದ ಹತ್ತಿರವೂ ಇರೂಕೆ ಆತಿಲ್ಲೆ. ಕಂಬ ಇರತ್ತ್. ಆ ದಿನ ನಿಮ್ಮ ದನಿ ತೆಂಕಿಗೆ ಮುಟ್ಟಿದ್ರೆ ಮೂರ್ ಜನ ಇವತ್ತ್ ಗಂಜಿ ಉಣ್ತಿದ್ರ್.”

ಕುಷ್ಟ ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದ. “ಒಂದೇ ಮಾತ್ ಕೊಡ್ತೆ,” ಎಂದ. “‘ಬಿಡಿ’ ಮಾತ್ರ. ‘ಎಳಿ’ ಅಂಬುದನ್ನ ಕಂಬ ಹೇಳುಕಾಗ. ಜನರನ್ನ ನೀರಿಗೆ ಎಳೂದ್ ಜೀವ ಇದ್ದವ್ನ ಬಾಯಗೇ ಆಯ್ಕ್. ಮತ್ತೊಂದ್. ಕಂಬ ‘ಬಿಡಿ’ ಅಂದ್ ಮೇಲೆ ನಾನ್ ಎದ್ರ್ ಹೇಳುದಿಲ್ಲೆ. ಬಲೆ ತುಂಬ ಬಂಗಾರವೇ ಇರ್ಲಿ.”

ಉಮಾನಾಥ ಹದಿನೈದು ದಿನ ಆ ಒಂದು ಮಾತಿನ ಹಿಂದೆ ಬಿದ್ದ. ಸಿಟ್ಟಿನ ಬಿಡಿ, ಅವಸರದ ಬಿಡಿ, ಗಾಳಿ ಎದುರಾದಾಗಿನ ಬಿಡಿ. ಯಂತ್ರಕ್ಕೆ ಅದನ್ನೆಲ್ಲ ಉಣಿಸಿ, ಯಾವ ಗಾಳಿಗೆ ಯಾವ ಸ್ವರ ಎಂದು ಕಲಿಸಿದ. ಕೊನೆಗೆ ಕಂಬದ ದನಿ ಎಷ್ಟು ಸರಿಯಾಯಿತೆಂದರೆ, ಅದು ಮೊದಲ ಸಲ ಕೂಗಿದ ದಿನ ಬಚ್ಚಿ ಅಂಗಳದಿಂದ, “ಬಂದ್ರ್ಯಾ? ಕೈಕಾಲ್ ತೊಳ್ಕಣಿ” ಎಂದಳು.

ಜನ ಒಗ್ಗಿಕೊಂಡರು. ಆ ವರ್ಷ ಮೂರು ಸಲ, ಮರು ವರ್ಷ ಐದು ಸಲ ಕಂಬ “ಬಿಡಿ” ಎಂದಿತು; ಎಂಟೂ ಸಲ ಹಗ್ಗ ಮರಳಿಗೆ ಬಿತ್ತು, ಬಲೆ ಕಡಲಿಗೆ ಹೋಯಿತು, ಮನುಷ್ಯರು ಮನೆಗೆ ಹೋದರು. ಒಂದು ಸಲ ಬಲೆ ತುಂಬ ಬಂಗುಡೆ ಇದ್ದಾಗಲೂ ಕುಷ್ಟ ತುಟಿ ಒತ್ತಿಹಿಡಿದು ನಿಂತಿದ್ದ. “ಎಳಿ” ಎನ್ನಲಿಲ್ಲ.

ಹಗ್ಗಕ್ಕೆ ಊರಿನ ಆಳು ಸಾಲದಾದಾಗ ಹೊರಗಿನವರು ಬಂದರು. ಒಡಿಶಾದವರೋ ಜಾರ್ಖಂಡಿನವರೋ, ಊರವರಿಗೆ ಎಲ್ಲರೂ ‘ಹಿಂದಿಯವ್ರು’. ಅವರು ‘ಅಜ್ಜ’ ಎನ್ನುತ್ತಿದ್ದ ಕುಷ್ಟ ಅವರಿಗೆ ಎರಡೇ ಕನ್ನಡ ಮಾತು ಕಲಿಸಿದ. ಹೆಗಲ ಮೇಲೆ ಕೈಯಿಟ್ಟು “ಎಳಿ” ಎಂದು ಹಿಂದಕ್ಕೆ ನಡೆಸುವುದು, “ಬಿಡಿ” ಎಂದು ಸೊಂಟದ ತುಂಡುಹಗ್ಗವನ್ನು ತಾನೇ ಕಿತ್ತೆಸೆಯುವುದು. ಆ ಮೇಲೆ ಕಂಬವನ್ನು ತೋರಿಸಿ, ತನ್ನ ಎದೆ ಮುಟ್ಟಿಕೊಂಡು, “ಅದೂ ನಾನೇ” ಎನ್ನುವುದು. ಅವರಲ್ಲೊಬ್ಬ, ನಲವತ್ತು ದಾಟಿದ ಉದ್ದನೆಯ ಆಳು, ಮೂರು ವರ್ಷದಿಂದ ಬರುತ್ತಿದ್ದ. ಮೊಣಕಾಲೆತ್ತಿ ಕೊಕ್ಕರೆಯ ಹಾಗೆ ನೀರಿಗಿಳಿಯುತ್ತಿದ್ದ. ಉಮಾನಾಥ ಚಹಾದ ಹೊತ್ತಲ್ಲಿ ಅವನ ನಡಿಗೆ ಮಾಡಿ ತೋರಿಸಿದರೆ ಕೊಠಡಿಯಲ್ಲಿ ಎಲ್ಲರಿಗೂ ನಗು.

*

ಕುಷ್ಟ ತಾಂಡೇಲ ಸತ್ತದ್ದು ಮಧ್ಯಾಹ್ನ ಊಟವಾಗಿ ಜಗುಲಿಯಲ್ಲಿ ಅಡ್ಡಾದಾಗ. ಎದೆ ಒತ್ತಿಕೊಂಡ, ಅಷ್ಟೆ.

ಆ ಹೊತ್ತಿಗೆ ಅವನ ತಂಗಿಯ ಮಗ ಶೀನ, ತಾಂಡೇಲ ಬಂದು “ಎಳಿ” ಎನ್ನಲಿ ಎಂದು ತುಂಡುಹಗ್ಗ ಸುತ್ತಿಕೊಂಡವರ ಜೊತೆ, ನೀರಲ್ಲಿ ಕಾಯುತ್ತಿದ್ದ. ಬಚ್ಚಿ ಕಡಲಿನ ಅಂಚಿಗೆ ಓಡಿ ಹೋಗಿ ಕೂಗಿದಳು: “ಶೀನಾ!”

ಬೇಲೆಯೇ ಸ್ತಬ್ಧವಾಯಿತು. ನೀರಲ್ಲಿರುವವನ ಹೆಸರನ್ನು ದಡದಿಂದ ಯಾರೂ ಕೂಗುವುದಿಲ್ಲ. ಕೂಗಿದರೆ ಕಡಲು ಆ ಹೆಸರು ಕಲಿತುಬಿಡುತ್ತದೆ ಎಂದು ಅಲ್ಲಿಯವರ ನಂಬಿಕೆ. “ಹೋಯ್” ಅನ್ನಬಹುದು, ಸಿಳ್ಳೆ ಹಾಕಬಹುದು. ಹೆಸರು ಕೂಗುವುದು ಒಂದೇ ಕಾರಣಕ್ಕೆ: ಅವನ ಮನೆಯಲ್ಲಿ ಸಾವಾಗಿದೆ. ಹಾಗೆ ಕೂಗಿಸಿಕೊಂಡವನು ತಾಂಡೇಲನ ಮಾತಿಗೆ ಕಾಯಬೇಕಿಲ್ಲ. ಹಗ್ಗ ಬಿಡಬಹುದು, ಬಿಡಲೇಬೇಕು, ಯಾರೂ ತಪ್ಪೆಣಿಸುವುದಿಲ್ಲ. ಶೀನ ತುಂಡುಹಗ್ಗ ಬಿಚ್ಚಿ, ನೀರನ್ನು ಸೀಳಿಕೊಂಡು ಮೇಲೆ ಬಂದ.

ದಹನವಾದ ಮಾರನೆಯ ಬೆಳಿಗ್ಗೆ ಬಚ್ಚಿ ಮಗಳನ್ನು ಒಳಗೆ ಕರೆದಳು. ಕುಷ್ಟನನ್ನು ಮಲಗಿಸಿದ್ದ ಜಾಗದಲ್ಲಿ ದೀಪ ಉರಿಯುತ್ತಿತ್ತು.

“ಕಂಬದಿಂದ ಅವ್ರನ್ನ ಇಳ್ಸ್,” ಎಂದಳು.

“ಅಬ್ಬೆ, ಜನ ಅದೊಂದೇ ದನಿ ಕೇಂಬುದ್.”

“ಗೊತ್ತಿತ್ತ್ ನಂಗೆ. ಆದ್ರೆ ಹೋಪವ್ರ್ ಪೂರ್ತಿ ಹೋಯ್ಕ್. ಸುಟ್ಟದ್ ಬರೀ ಮೈ. ದನಿ ಇಲ್ಲೇ ಸಿಕ್ಕಿಬಿದ್ರೆ ಅವ್ರ್ ಹೋಪುದ್ ಹ್ಯಾಂಗೆ? ಬೊಜ್ಜ ಆಪುದ್ ಯಾರಿಗೆ?” ಅವಳು ಮಗಳ ಕೈ ಹಿಡಿದು ದೀಪದ ಮೇಲೆ ಒಡ್ಡಿದಳು. “ಸತ್ತವ್ರನ್ನ ಕರೂಕಾಗ, ಜಲಜಾ. ಅವ್ರ್ ಕರದ್ರೂ ಓಗೊಡುಕಾಗ. ಮಾತ್ ಕೊಡ್.”

ದೀಪ ಅಂಗೈಯನ್ನು ಸುಡುವಷ್ಟು ಹತ್ತಿರವಿತ್ತು. ಜಲಜಾಕ್ಷಿ ಮಾತು ಕೊಟ್ಟಳು. ಅಂದೇ ಐಸ್ ಪ್ಲಾಂಟಿಗೆ ಹೋಗಿ ಅಪ್ಪನ ದನಿಗೆ ಬೀಗ ಹಾಕಿದಳು. ಅಳಿಸಲು ಕೈ ಬರಲಿಲ್ಲ.

*

ತಾಂಡೇಲಿಕೆ ಅಳಿಯನಿಗೆ ಬಂತು. ಶೀನ ಒಳ್ಳೆಯವನೇ, ಆದರೆ ಮೊನ್ನೆ ಮೊನ್ನೆಯ ತನಕ ಹಗ್ಗದಲ್ಲಿ ಪಕ್ಕದಲ್ಲಿದ್ದವನು ಇವತ್ತು ಎದುರು ನಿಂತು “ಎಳಿ” ಎಂದರೆ ಜನಕ್ಕೆ ಕೆಮ್ಮು ಬರುತ್ತದೆ. “ಆತ್ ಸಾಹೇಬ್ರೆ,” ಎಂದು ಯಾರೋ ಅಂದರೆ ಇನ್ನೊಬ್ಬ ನಗುತ್ತಾನೆ.

ಅವನ ದನಿ ಹಿಡಿಯಲು ಉಮಾನಾಥ ಪಟ್ಟ ಪಾಡು ಬೇರೆ. “ಶೀನಣ್ಣ, ‘ಬಿಡಿ’ ಹೇಳಿ.”

“ಬಿಡಿ.”

“ಇದು ಬೀಡಿ ಕೇಳಿದ ಹಾಗಾಯ್ತು. ಜೀವ ಉಳಿಸುವ ಹಾಗೆ ಹೇಳಿ.”

“ಇಲ್ಲಿ ಯಾರ್ ಸಾಯ್ತಿದ್ರ್ ಮಾರಾಯ್ರೆ? ಫ್ಯಾನ್ ತಿರ್ಗ್ತಾ ಇತ್ತ್. ತಂಪಲ್ಲಿ ಕೂತ್ಕಂಡ್ ಬಿಡಿ ಅಂದ್ರೆ ಹೀಂಗೇ ಬಪ್ಪುದ್.”

ಕಂಬದ ವಿಷಯದಲ್ಲಿ ಮಾವ ಮಾಡಿಕೊಂಡಿದ್ದ ಒಪ್ಪಂದವನ್ನು ಜಲಜಾಕ್ಷಿ ಅವನಿಗೆ ಬಿಡಿಸಿ ಹೇಳಿದಳು: ಕಂಬ ಹೇಳಿದ ಮೇಲೆ ಎದುರು ಹೇಳಬಾರದು. ಶೀನ ತಲೆಯಾಡಿಸಿದ. ತಲೆಯಾಡಿಸುವುದು ಸುಲಭ.

*

ಉತ್ತರಕ್ರಿಯೆಯ ಬೊಜ್ಜಕ್ಕೆ ಇನ್ನೂ ದಿನವಿತ್ತು. ಸೂತಕದ ಮನೆಯೆಂದು ಬಲೆ ಕೆಲವು ದಿನ ಮರಳಲ್ಲೇ ಒಣಗಿತ್ತು. ಆಗ ಬಂಗುಡೆ ಬಂತು. ದಡದಿಂದಲೇ ಕಾಣುವ ಹಾಗೆ ನೀರು ಕಂದುಗಟ್ಟಿ ಕದಲುತ್ತಿತ್ತು. ಗಾಳಿ ಇರಲಿಲ್ಲ, ಬಿಸಿಲು ಹೂವಿನಂತಿತ್ತು. ಶೀನ ತನ್ನ ಮೊದಲ ಬಲೆ ಬಿಟ್ಟ.

ಕಡಲಿಗೆ ಸೂತಕವಿಲ್ಲವಾದ್ದರಿಂದ ಜಲಜಾಕ್ಷಿ ಕೊಠಡಿಗೆ ಬಂದಿದ್ದಳು. ಕಿಟಕಿಯಿಂದ ತೆಂಕಿನ ಹಗ್ಗ ಕಾಣುತ್ತಿತ್ತು. ಹೆದ್ದಾರಿಯ ಕಡೆಯಿಂದ ಚೀಲ ಹೊತ್ತುಕೊಂಡು ಆ ಉದ್ದನೆಯ ಆಳು ಬಂದದ್ದನ್ನೂ ಅವಳು ಕಂಡಳು. ಊರಿಗೆ ಹೋಗಿದ್ದವನು, ಈಗಷ್ಟೇ ರೈಲಿಳಿದು ಬಂದಿರಬೇಕು. ಈ ಸಲ ಒಬ್ಬನೇ. ಚೀಲವನ್ನು ಕಂಬದ ಬುಡದಲ್ಲಿಟ್ಟು, ಯಾರ ಹತ್ತಿರವೂ ಏನೂ ಕೇಳದೆ, ಸೊಂಟಕ್ಕೆ ತುಂಡುಹಗ್ಗ ಸುತ್ತಿ ನೀರಿಗಿಳಿದ. ಕೊಕ್ಕರೆ ಹೆಜ್ಜೆ. ಎಲ್ಲರಿಗಿಂತ ಉದ್ದವಿದ್ದವನು ಎಲ್ಲರಿಗಿಂತ ಆಳದಲ್ಲಿ ನಿಂತ.

ಬಲೆ ಅರ್ಧ ಬಂದಿರುವಾಗ ಪರದೆಯ ಮೇಲೆ ದಿಬ್ಬದ ಗೆರೆ ಒಂದು ಕಡೆ ತೆಳ್ಳಗಾಯಿತು.

“ಕಳ್ಳ ಅಲೆ,” ಎಂದ ಉಮಾನಾಥ, ಈ ಸಲ ತನ್ನದೇ ದನಿಯಲ್ಲಿ. ದಕ್ಷಿಣದ ಮಹಾಸಾಗರದಲ್ಲಿ ಎಲ್ಲೋ ಎದ್ದ ಬಿರುಗಾಳಿ ಅಲ್ಲಿಯೇ ಸತ್ತಿರುತ್ತದೆ. ಅದು ಹುಟ್ಟಿಸಿದ ಅಲೆ ಮಾತ್ರ ದಿನಗಟ್ಟಲೆ ನಡೆದು, ಇಲ್ಲಿ ಎಲೆ ಅಲ್ಲಾಡದ ದಿನ ನೋಡಿ ಬಂದು ನೀರು ತುಂಬುತ್ತದೆ. ಆ ನೀರು ಹಿಂದಿರುಗಲು ದಾರಿ ಹುಡುಕುತ್ತಿತ್ತು. ತೆಂಕಿನ ಹಗ್ಗದ ನೇರಕ್ಕೇ ಕಿಂಡಿ ತೆರೆಯುತ್ತಿತ್ತು.

ಕಂಬಗಳು ಶೀನನ ದನಿಯಲ್ಲಿ ಕೂಗಿದವು: “ಬಿಡಿ! ಬಿಡಿ!”

ಬಡಗಿನ ಹಗ್ಗದ ಹತ್ತಿರ ನಿಂತಿದ್ದ ಶೀನ ತಿರುಗಿ ಕಂಬವನ್ನೇ ನೋಡಿದ. ಮೊದಲ ಬಲೆ. ಕಂದುಗಟ್ಟಿದ ನೀರು ಬಲೆಯೊಳಗೆ ಕುದಿಯುತ್ತಿತ್ತು. “ಯಾವನಾ ಅವ, ನಾ ಹೇಳ್ದೇ ನನ್ ಬಾಯಗೆ ಮಾತಾಡುವವ? ಎಳಿ!” ಎಂದು ಅಬ್ಬರಿಸಿದ.

ಜನ ಗೊಳ್ಳೆಂದು ನಕ್ಕರು. ಒಬ್ಬ ಶೀನ ಬಿಡಿ ಎನ್ನುತ್ತಾನೆ, ಇನ್ನೊಬ್ಬ ಶೀನ ಎಳಿ ಎನ್ನುತ್ತಾನೆ. ಉಸಿರಿರುವ ಶೀನನ ಮಾತೇ ನಡೆಯಿತು. ಎಳೆದರು.

ಜಲಜಾಕ್ಷಿ ಮೈಕು ಹಿಡಿದಳು. “ಶೀನ ಬಾವ, ನಾನ್ ಜಲಜ. ತೆಂಕಿನಗೆ ಸೆಳು ಬಂತ್. ಬಿಡುಕೆ ಹೇಳಿ!”

“ಹೆಣ್ಣೇ, ನೀ ಟೀವಿ ಕಾಣ್, ನಾ ಕಡ್ಲ್ ಕಾಂತೆ!” ಶೀನ ಕೈ ಬೀಸಿದ. ಕಡಲು ನಿಜಕ್ಕೂ ಚಂದ ಕಾಣುತ್ತಿತ್ತು. ತೆಂಕಿನಲ್ಲಿ ಒಂದು ಪಟ್ಟಿಯಷ್ಟು ನೀರು ನೊರೆಯಿಲ್ಲದೆ ಮಲಗಿತ್ತು.

ಆಮೇಲೆ ಹಗ್ಗ ನಿಂತಿತು. ಎಳೆಯುತ್ತಿದ್ದವರು ಒಂದು ಹೆಜ್ಜೆ ಮುಂದಕ್ಕೆ ಹೋದರು, ಮತ್ತೊಂದು ಹೆಜ್ಜೆ. ಬಲೆಯ ಹೊಟ್ಟೆಗೆ ಸೆಳವು ತುಂಬಿತ್ತು. ಈಗ ಎಳೆಯುತ್ತಿದ್ದದ್ದು ಕಡಲು. ಮೇಲಿನಿಂದ ನಗು ನಿಂತದ್ದು ಗೊತ್ತಾಯಿತು. ಆದರೂ ಯಾರೂ ಸೊಂಟಕ್ಕೆ ಕೈ ಹಾಕಲಿಲ್ಲ. ಮೊದಲು ಬಿಡುವವನು ತಾನಾಗಬಾರದು.

“ನಿನ್ನ ಅಪ್ಪನ ದನಿ ಹಾಕು ಜಲಜಾ,” ಎಂದ ಉಮಾನಾಥ. “ಬೀಗ ತೆಗೆ.”

“ಹಾಕಿದ್ರೆ ಇನ್ನೂ ಗಟ್ಟಿ ಹಿಡಿತಾರೆ. ಸತ್ತವರು ಕರೆದ್ರೆ ಓಗೊಡಬಾರದು ಅಂತ ಇವರೆಲ್ಲ ಹಾಲಿನ ಜೊತೆ ಕುಡಿದಿದ್ದಾರೆ.” ಅವಳು ಪರದೆಗೆ ತಿರುಗಿದಳು. ಅದರ ಮೇಲೆ ಮರಳುಕಿವಿಗೆ ಕೇಳಿದ ಒಂದೊಂದು ಜೊತೆ ಕಾಲೂ ಒಂದೊಂದು ಚುಕ್ಕೆ. ಚುಕ್ಕೆಗಳು ಒಂದರ ಹಿಂದೆ ಒಂದು ಕಿಂಡಿಯ ಕಡೆಗೆ ಸರಿಯುತ್ತಿದ್ದವು. ಕಿಟಕಿಯಲ್ಲಿ ತಲೆಗಳು ಕಾಣುತ್ತಿದ್ದವು. ಅವಳು ಹುಟ್ಟಿದಾಗಿನಿಂದ ನೋಡಿದ ತಲೆಗಳು.

ಅವಳು ಮೈಕನ್ನು ಬಾಯಿಗೆ ಒತ್ತಿದಳು.

“ಭಾಸ್ಕರಾ!”

ಕಡಲಂಚಿನ ಎಲ್ಲ ಕಂಬಗಳೂ ಆ ಹೆಸರು ಕೂಗಿದವು. ಅವಳನ್ನು ಎತ್ತಿ ಆಡಿಸಿದ ಮನುಷ್ಯನ ಹೆಸರು, ಅಣ್ಣ ಇಲ್ಲದೆ, ಬೋಳಾಗಿ. ಭಾಸ್ಕರನ ಮನೆಯಲ್ಲಿ ಹಾಸಿಗೆ ಹಿಡಿದ ತಾಯಿಯಿದ್ದಳು. ಅವನ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಬಿಚ್ಚಿಕೊಂಡು ದಡದ ಕಡೆ ಈಜಿದ.

“ಗೋಯಿಂದಾ! ಸೂರಾ! ಅಣ್ಣಪ್ಪಾ!”

ಒಂದೊಂದು ಹೆಸರೂ ಒಂದು ಮನೆಗೆ ಅವಳು ಕಳಿಸಿದ ಸಾವು. ದಡದಲ್ಲಿ ಬುಟ್ಟಿ ಹಿಡಿದು ಕಾಯುತ್ತಿದ್ದ ಹೆಂಗಸರು ಬುಟ್ಟಿ ಚೆಲ್ಲಿ, ಬಾಯಿ ಬಡಿದುಕೊಂಡು ಮನೆಗಳತ್ತ ಓಡಿದರು. “ನರಸಿಂಹಾ! ಸಂಜೀವಾ! ಕೋಟಿಯಾ!” ಗಂಡಸರು ಹಗ್ಗ ಬಿಟ್ಟು, ಮುಗ್ಗರಿಸಿ, ಮರಳಿಗೆ ಬಿದ್ದು ಎದ್ದು ಓಡಿದರು. ಯಾರೂ ಯಾರನ್ನೂ ಬಿಟ್ಟವನು ಎನ್ನುವ ಹಾಗಿರಲಿಲ್ಲ. ಶೀನ ಬಾಯಿ ತೆರೆದು ನಿಂತಿದ್ದ. ಒಂದು ಊರಿಗೆ ಊರೇ ಒಂದೇ ಗಳಿಗೆಯಲ್ಲಿ ಸಾಯುವುದು ಹೇಗೆ ಎಂದು ಅವನಿಗೆ ಹೊಳೆಯುವಷ್ಟರಲ್ಲಿ ತೆಂಕಿನ ಹಗ್ಗ ಬರಿದಾಗಿತ್ತು.

ಬರಿದಾಗಿರಲಿಲ್ಲ. ಪರದೆಯ ಮೇಲೆ ಒಂದು ಚುಕ್ಕೆ ಉಳಿದಿತ್ತು, ಎಲ್ಲಕ್ಕಿಂತ ಆಚೆ.

ಉದ್ದನೆಯ ಆಳು ಕುತ್ತಿಗೆಮಟ್ಟದ ನೀರಲ್ಲಿ ಹಗ್ಗಕ್ಕೆ ಒರಗಿ, ಒಬ್ಬನೇ, ಅಷ್ಟೂ ಜನರ ಭಾರವನ್ನು ಹಿಡಿದು ನಿಂತಿದ್ದ. ಓಡುವವರನ್ನು ಅಚ್ಚರಿಯಿಂದ ನೋಡುತ್ತಿದ್ದ. ಹೆಸರು ಕೂಗುವ ಪದ್ಧತಿ ಅವನಿಗೆ ಗೊತ್ತಿರಲಿಲ್ಲ. ಶೀನ ತಾಂಡೇಲನಾದದ್ದೂ ಗೊತ್ತಿರಲಿಲ್ಲ. ಕಂಬದಿಂದಾಗಲಿ ದಡದಿಂದಾಗಲಿ ಬಂದ ಶೀನನ ಕೂಗಾಟ ಅವನಿಗೆ ಹಗ್ಗದವನೊಬ್ಬನ ಗಲಾಟೆ ಮಾತ್ರ. ಅವನು ತಾಂಡೇಲನ ಮಾತಿಗೆ ಕಾಯುತ್ತಿದ್ದ.

“ಹೋಯ್! ಹೋಯ್!” ಜಲಜಾಕ್ಷಿ ಕಿರುಚಿದಳು. ಅವನು ತಿರುಗಲಿಲ್ಲ. “ಉಮಾನಾಥಾ, ಅವನ ಹೆಸರೇನು?”

ಉಮಾನಾಥ ಬಾಯಿ ತೆರೆದ. ಆ ಮನುಷ್ಯನ ನಡಿಗೆ ಅವನಿಗೆ ಗೊತ್ತಿತ್ತು. ನಗು ಗೊತ್ತಿತ್ತು, ಬಿಸಿ ಚಹಾ ಊದುವ ರೀತಿ ಗೊತ್ತಿತ್ತು. “ಗೊತ್ತಿಲ್ಲ,” ಎಂದ.

ಚುಕ್ಕೆ ಮಿನುಗತೊಡಗಿತು. ಕಾಲು ನೆಲ ಬಿಡುತ್ತಿದೆ ಎಂದರ್ಥ.

ಅವಳು ಬೀಗ ತೆಗೆದಳು. ಅಂಗೈಯಲ್ಲಿ ದೀಪದ ಬಿಸಿ ಇನ್ನೂ ಇದ್ದಂತೆ ಅನ್ನಿಸಿತು.

“ಬಿ...ಡಿ!”

ಮರಳಲ್ಲಿ ಓಡುತ್ತಿದ್ದವರು ಇದ್ದಲ್ಲೇ ಕುಸಿದರು. ಯಾರೋ ದೇವರನ್ನು ಕರೆದರು. ಶೀನ ಎರಡು ಕೈಯಿಂದ ಕಿವಿ ಮುಚ್ಚಿದ. ಕಡಲಲ್ಲಿ ಒಬ್ಬ ಮಾತ್ರ, ಹೆದರದೆ, ತಡಮಾಡದೆ, ಕಲಿಸಿದ ಹಾಗೆ ತುಂಡುಹಗ್ಗವನ್ನು ಕಿತ್ತೆಸೆದ. ಹಗ್ಗ ಹಾವಿನ ಹಾಗೆ ಆಳಕ್ಕೆ ಹರಿದುಹೋಯಿತು. ಪರದೆಯ ಮೇಲಿನ ಚುಕ್ಕೆ ಆರಿತು.

ಕಿಟಕಿಯಲ್ಲಿ ಬರೀ ನೀರು. ಬಹಳ ಆಚೆ, ಸೆಳವು ಸೋತು ಹರಡುವಲ್ಲಿ, ಒಂದು ತಲೆ ಮೇಲೆ ಬಂತು. ಬಲೆ ಬಿಡಲು ಹೋಗಿದ್ದ ದೋಣಿ ಅದರತ್ತ ತಿರುಗಿತು.

*

ಜಲಜಾಕ್ಷಿ ದಡಕ್ಕಿಳಿಯುವ ಹೊತ್ತಿಗೆ ಜನ ಮನೆಮನೆಗೆ ಓಡಿ, ಯಾರೂ ಸಾಯದ್ದನ್ನು ಕಂಡು, ಸಿಟ್ಟಿನಿಂದ ತಿರುಗಿ ಬಂದಿದ್ದರು.

“ನನ್ ಅಬ್ಬೆನ್ನ ಕೊಂದ್ಯಲ್ಲೇ ಬಾಯಗೆ!” ಎಂದ ಭಾಸ್ಕರ. ಸೂರನ ಹೆಂಡತಿ ಹಿಡಿ ಮರಳೆತ್ತಿ ಅವಳತ್ತ ಎಸೆದಳು. ಎಸೆದು, ಅವಳನ್ನೇ ತಬ್ಬಿ ಅತ್ತಳು. ಶೀನ ದೂರದಲ್ಲಿ ಬೆನ್ನು ಹಾಕಿ ಕೂತಿದ್ದ. ಬಲೆ ಇರಲಿಲ್ಲ, ಹಗ್ಗ ಇರಲಿಲ್ಲ.

ಆಗ ಎಲ್ಲರೂ ಪಕ್ಕಕ್ಕೆ ಸರಿದರು. ಬೊಜ್ಜ ಮುಗಿಯುವ ತನಕ ಹೊಸ್ತಿಲು ದಾಟಬಾರದವಳು, ಬಚ್ಚಿ, ಬಿಸಿಲಲ್ಲಿ ಬರಿಗಾಲಲ್ಲಿ ಬರುತ್ತಿದ್ದಳು. ಗಂಡನ ದನಿ ಕೇಳಿ ಎದ್ದು ಬಂದಿದ್ದಳು. ಸೆರಗು ಮರಳಲ್ಲಿ ಎಳೆಯುತ್ತಿತ್ತು. ಮಗಳ ಎದುರು ನಿಂತಳು.

“ಮಾತ್ ಕೊಟ್ಟಿದ್ದೆ ನೀ.”

“ಹೌದು ಅಬ್ಬೆ.”

“ದೀಪದ ಮೇಲ್ ಕೊಟ್ಟದ್.”

“ಹೌದು.”

ದೋಣಿ ದಡ ಹತ್ತಿತ್ತು. ಉದ್ದನೆಯ ಆಳನ್ನು ಇಬ್ಬರು ಹೊತ್ತು ತಂದು ಮರಳಲ್ಲಿ ಮಲಗಿಸಿದರು. ಅವನು ಕೆಮ್ಮಿ ನೀರು ಕಾರಿ ಎದ್ದು ಕೂತ. ಕಣ್ಣು ಕೆಂಪಾಗಿತ್ತು. ಸುತ್ತ ನಿಂತವರ ಮುಖಗಳಲ್ಲಿ ಒಂದನ್ನು ಹುಡುಕಿದ. ಸಿಗಲಿಲ್ಲ.

“ಅಜ್ಜ ಕಹಾಂ?” ಎಂದ. ತನ್ನ ಸೊಂಟ ಮುಟ್ಟಿ ತೋರಿಸಿ, ನಕ್ಕು, ವಿವರಿಸಿದ: “ಅಜ್ಜ ಬೋಲಾ, ಬಿಡಿ. ಮೈಂ ಬಿಡಿ.”

ನಡುಬೇಲೆಯಲ್ಲಿ ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಬಚ್ಚಿ ಅವನ ಎದುರು ಮರಳಲ್ಲಿ ಕೂತಳು. “ಅಜ್ಜ ಹೋಯ್ರ್, ಮಗಾ.”

ಅವನು ರಸ್ತೆಯ ಕಡೆ ನೋಡಿದ. “ಕಬ್ ಆಯೇಗಾ?”

ಅವಳಿಗೆ ಆ ಭಾಷೆ ಬಾರದು, ಪ್ರಶ್ನೆ ತಿಳಿಯಿತು. ಬಳೆಯಿಲ್ಲದ ಎರಡೂ ಕೈಗಳನ್ನು ಅವನ ಮುಂದೆ ಚಾಚಿದಳು. ಅವನು ಆ ಕೈಗಳನ್ನು ನೋಡಿದ, ಬರಿದಾದ ಹಣೆ ನೋಡಿದ. ನಗು ಮುಖದ ಮೇಲೆ ಸ್ವಲ್ಪ ಹೊತ್ತು ಹಾಗೇ ಉಳಿಯಿತು, ಆಮೇಲೆ ಕುಸಿಯಿತು. ನೆಲಕ್ಕೆ ಹಣೆ ಹಚ್ಚಿ ಅವನು ಅಳತೊಡಗಿದ. ಉಳಿದವರೆಲ್ಲ ಅತ್ತು ಮುಗಿಸಿದ್ದ ಸಾವನ್ನು ಅವನು ಈಗ, ಹೊಸದಾಗಿ, ದೊಡ್ಡ ದನಿಯಲ್ಲಿ ಅತ್ತ. ಭಾಸ್ಕರ ಮುಖ ತಿರುಗಿಸಿಕೊಂಡ. ಶೀನ ಎದ್ದು ಬಂದು ಜನರ ಹಿಂದೆ ನಿಂತ.

ಬಚ್ಚಿ ಅವನ ಒದ್ದೆ ತಲೆಯ ಮೇಲೆ ಕೈಯಿಟ್ಟಳು. ಅಳು ತಗ್ಗುವ ತನಕ ಕಾದಳು.

“ನಿನ್ ಹೆಸ್ರ್ ಎಂತ?”

ಅವನು ತಲೆಯೆತ್ತಿದ.

“ಹೆಸ್ರ್. ನಾಮ್.” ಅದೊಂದು ಮಾತು ಅವಳಿಗೆ ಎಲ್ಲಿಂದಲೋ ಬಂತು.

“ದೈತಾರಿ,” ಎಂದ.

“ದೈತರ.”

“ದೈತಾರಿ.”

“ದೈತಾರಿ,” ಎಂದಳು ಬಚ್ಚಿ, ಸರಿಯಾಗಿ. ಮೊಣಕಾಲಿಗೆ ಕೈಯೂರಿ ಎದ್ದು ನಿಂತಳು. ಮಗಳ ಕಡೆ ತಿರುಗಿದಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ, ಕ್ಷಮೆಯೂ ಇರಲಿಲ್ಲ.

“ಕೇಂಡ್ಯಾ? ಈ ಹೆಸ್ರ್ ನೆನ್ಪಿಟ್ಕೋ,” ಎಂದಳು. “ಇನ್ನೊಂದ್ ಸಲ ಹೋದವ್ರನ್ನ ಕರೂಕಾಗ.”